ಬೇಡ ಎಂದ ಮೇಲೆ

ತಪ್ಪು ಕೆಲಸಕ್ಕೆ ಕರೆದಾಗ "ನಾನು ಬರುವುದಿಲ್ಲ" ಎನ್ನುವುದು ಒಂದು. ಕರೆದವರು ಇಂಥವರೇ ಎಂದು ಹೋಗಿ ಹೇಳುವುದು ಇನ್ನೊಂದು. ಮೊದಲನೆಯದನ್ನು ಮಾಡಿದವರನ್ನು ಒಳ್ಳೆಯವರು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಎರಡನೆಯದನ್ನು ಮಾಡಿದವರನ್ನು ಏನೆಂದು ಕರೆಯಬೇಕು ಎಂಬುದರಲ್ಲಿ ನಮಗೆ ಈಗಲೂ ಗೊಂದಲವಿದೆ. ಎದುರಿಗೆ ಸಿಕ್ಕರೆ ಹೊಗಳುತ್ತೇವೆ, ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂದೆ ಮುಂದೆ ನೋಡುತ್ತೇವೆ.

ಈ ಯೋಚನೆ ನನಗೆ ಹತ್ತಿಕೊಂಡಿದ್ದು ಸಿಮೋನೆ ಫರೀನಾ ಎಂಬ ಇಟಲಿಯ ಫುಟ್‌ಬಾಲ್ ಆಟಗಾರನ ವಿಷಯ ಓದಿದಾಗಿನಿಂದ. ಈ ಹೆಸರು ಕೇಳಿಲ್ಲವಲ್ಲ ಎಂದು ಸಂಕೋಚಪಡಬೇಡಿ. 2011ರ ಡಿಸೆಂಬರ್‌ವರೆಗೆ ಇಟಲಿಯಲ್ಲೇ ಅವನ ಹೆಸರು ಕೇಳಿದವರು ಕಡಿಮೆ. ನಾನೂ ಫುಟ್‌ಬಾಲ್ ಬಲ್ಲವಳೇನಲ್ಲ. ಮನೆಯಲ್ಲಿ ಹುಡುಗರು ರಾತ್ರಿಯೆಲ್ಲ ಟಿ.ವಿ. ಮುಂದೆ ಕೂತು ಕೂಗುವಾಗ "ಶಬ್ದ ಕಡಿಮೆ ಮಾಡ್ರೋ" ಎನ್ನುವುದಷ್ಟೇ ಆ ಆಟದಲ್ಲಿ ನನ್ನ ಪಾಲು. ಆದರೂ ಈ ಮನುಷ್ಯನ ಕಥೆಯಲ್ಲಿ ಆಟಕ್ಕಿಂತ ಸಂಸಾರವೇ ಹೆಚ್ಚು ಕಂಡಿತು.

ಮೊದಲು ಅಲ್ಲಿಯ ಏರ್ಪಾಡನ್ನು ಸ್ವಲ್ಪ ಹೇಳಬೇಕು. ಇಟಲಿಯಲ್ಲಿ ಫುಟ್‌ಬಾಲ್ ತಂಡಗಳಿಗೆ ಶಾಲೆಯ ತರಗತಿಗಳಿದ್ದ ಹಾಗೆ ದರ್ಜೆಗಳಿವೆ. ಎಲ್ಲಕ್ಕಿಂತ ಮೇಲೆ ಸೀರಿ ಎ. ಅದರ ಕೆಳಗೆ ಸೀರಿ ಬಿ. ಅದರ ಕೆಳಗೆ ಮತ್ತೂ ಎರಡು ಮೂರು ಮೆಟ್ಟಿಲು. ವರ್ಷದ ಕೊನೆಯಲ್ಲಿ ಚೆನ್ನಾಗಿ ಆಡಿದವರು ಒಂದು ಮೆಟ್ಟಿಲು ಮೇಲೆ ಹೋಗುತ್ತಾರೆ, ಸೋತವರು ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಾರೆ. ನಾವು ಟಿ.ವಿ.ಯಲ್ಲಿ ಕಾಣುವ ಕೋಟ್ಯಧೀಶರೆಲ್ಲ ಮೇಲಿನ ಮೆಟ್ಟಿಲಿನವರು. ಕೆಳಗಿನ ಮೆಟ್ಟಿಲುಗಳಲ್ಲಿ ನೂರಾರು ಆಟಗಾರರು ವರ್ಷಕ್ಕೊಂದು ಎರಡು ವರ್ಷಕ್ಕೊಂದು ಕರಾರಿಗೆ ಸಹಿ ಹಾಕಿ, ಊರಿಂದೂರಿಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಿರುಗುತ್ತಾರೆ. ಮೂವತ್ತೈದರ ಒಳಗೆ ಬಹುತೇಕರ ಆಟ ಮುಗಿಯುತ್ತದೆ. ಆಮೇಲೆ ಏನು ಎಂಬುದು ಮನೆಯಾಕೆಯ ತಲೆನೋವು. ವರ್ಗಾವಣೆಯ ನೌಕರಿ ಕಂಡ ನಮಗೆ ಇದು ಹೊಸದಲ್ಲ, ನಮಗೆ ಪಿಂಚಣಿ ಇತ್ತು ಅಷ್ಟೇ ವ್ಯತ್ಯಾಸ.

ಫರೀನಾ ಹುಟ್ಟಿದ್ದು 1982ರಲ್ಲಿ, ರೋಮ್ ನಗರದಲ್ಲಿ. ಹುಡುಗನಾಗಿದ್ದಾಗ ರೋಮಾ ಎಂಬ ದೊಡ್ಡ ತಂಡದ ಕಿರಿಯರ ಶಾಲೆಯಲ್ಲಿ ಆಟ ಕಲಿತ. ಅಲ್ಲಿ ಕಲಿತ ಎಲ್ಲ ಹುಡುಗರ ಕನಸೂ ಒಂದೇ, ಮುಂದೆ ಅದೇ ತಂಡದ ದೊಡ್ಡವರ ಜೊತೆ ಆಡುವುದು. ಸಾವಿರದಲ್ಲಿ ಒಬ್ಬರಿಗೆ ಅದು ಸಿಗುತ್ತದೆ. ಇವನಿಗೆ ಸಿಗಲಿಲ್ಲ. ಕತಾನಿಯಾ, ಚಿತ್ತದೆಲ್ಲಾ, ಚೆಲಾನೋ ಎಂದು ಸುತ್ತಿ 2007ರಲ್ಲಿ ಗುಬ್ಬಿಯೊ ಎಂಬ ಊರಿನ ತಂಡಕ್ಕೆ ಬಂದ. ನಮ್ಮ ತುಮಕೂರಿನ ಹತ್ತಿರದ ಗುಬ್ಬಿಯನ್ನು ನೆನಪಿಗೆ ತರುವ ಹೆಸರು. ಗಾತ್ರದಲ್ಲೂ ಅಂಥದೇ ಸಣ್ಣ ಊರು, ಉಂಬ್ರಿಯಾ ಎಂಬ ಗುಡ್ಡಗಾಡಿನ ಸೀಮೆಯಲ್ಲಿದೆ. ಅವನು ಸೇರಿದ ಮೇಲೆ ಆ ತಂಡ 2010ರಲ್ಲಿ ಒಂದು ಮೆಟ್ಟಿಲು, 2011ರಲ್ಲಿ ಮತ್ತೊಂದು ಮೆಟ್ಟಿಲು ಏರಿ ಸೀರಿ ಬಿ ಮುಟ್ಟಿತು. ಆ ಊರು ಸೀರಿ ಬಿ ಕಂಡಿದ್ದು ಅದಕ್ಕೆ ಮುಂಚೆ 1947-48ರಲ್ಲಿ ಒಮ್ಮೆ ಮಾತ್ರ. ಅಜ್ಜಂದಿರು ಕಂಡದ್ದನ್ನು ಮೊಮ್ಮಕ್ಕಳು ಕಂಡರು. ಊರಲ್ಲಿ ಎಂಥ ಸಂಭ್ರಮವಿದ್ದಿರಬೇಕು!

ಫರೀನಾ ಆಡುತ್ತಿದ್ದದ್ದು ರಕ್ಷಣೆಯ ಸ್ಥಾನದಲ್ಲಿ, ಎಡಬದಿಯಲ್ಲಿ. ಗೋಲು ಹೊಡೆಯುವವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಗೋಲು ಆಗದ ಹಾಗೆ ತಡೆಯುವವನ ಹೆಸರು ಅವನು ತಡೆಯಲು ಆಗದಿದ್ದಾಗ ಮಾತ್ರ ಬರುತ್ತದೆ. ಮನೆಗೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಿನವೂ ಒಲೆ ಒರೆಸಿದ್ದನ್ನು ಯಾರೂ ಕಾಣುವುದಿಲ್ಲ, ಒಂದು ದಿನ ಒರೆಸದಿದ್ದರೆ ಮನೆಮಂದಿಗೆಲ್ಲ ಕಣ್ಣು ಬರುತ್ತದೆ. ರಕ್ಷಣೆಯ ಆಟಗಾರನ ದಿನದ ಸಾಧನೆ ಎಂದರೆ ಏನೂ ಆಗದೆ ಇದ್ದದ್ದು.

ಈ ಕಾರಣಕ್ಕೇ ಆಟವನ್ನು ಮಾರುವವರ ಕಣ್ಣು ಮೊದಲು ಬೀಳುವುದೂ ಇಂಥವರ ಮೇಲೆ. ಗೋಲು ಹೊಡೆಯುತ್ತೇನೆ ಎಂದು ಯಾರೂ ಮಾತು ಕೊಡಲಾರರು, ಅದು ಎದುರಿನವರ ಕೈಯಲ್ಲೂ ಇದೆ. ಗೋಲು ಬಿಡುತ್ತೇನೆ ಎಂದು ಮಾತು ಕೊಡಬಹುದು. ಅರ್ಧ ಹೆಜ್ಜೆ ತಡವಾಗಿ ಓಡಿದರೆ ಸಾಕು, ಕಾಲು ಜಾರಿದ ಹಾಗೆ ಮಾಡಿದರೆ ಸಾಕು. ನೋಡುವವರಿಗೆ ಅದು ದಣಿವೋ, ತಪ್ಪೋ, ಮೋಸವೋ ತಿಳಿಯುವುದಿಲ್ಲ. ಬಾಜಿ ಕಟ್ಟುವವರು ಯಾರು ಗೆಲ್ಲುತ್ತಾರೆ ಎಂಬುದರ ಮೇಲಷ್ಟೇ ಅಲ್ಲ, ಒಟ್ಟು ಎಷ್ಟು ಗೋಲು ಆಗುತ್ತದೆ ಎಂಬುದರ ಮೇಲೂ ಹಣ ಹೂಡುತ್ತಾರೆ. ಹಣ ಹೂಡುವವರು ಸಿಂಗಪುರದಲ್ಲಿ ಕೂತಿರುತ್ತಾರೆ, ಕಾಲು ಜಾರುವವನು ಇಟಲಿಯ ಒಂದು ಸಣ್ಣ ಊರಿನಲ್ಲಿ. ಸಂಬಳ ಸಣ್ಣದಾದ ಕಡೆ ಮನಸ್ಸು ಬೇಗ ಜಾರೀತು ಎಂಬುದು ಅವರ ಲೆಕ್ಕ.

2011ರ ನವೆಂಬರ್ 30ರಂದು ಇಟಲಿ ಕಪ್‌ನಲ್ಲಿ ಗುಬ್ಬಿಯೊ ತಂಡ ಚೆಜೇನಾ ತಂಡದ ಎದುರು ಆಡಬೇಕಿತ್ತು. ಚೆಜೇನಾ ಆಗ ಸೀರಿ ಎ ತಂಡ. ಗುಬ್ಬಿಯೊ ಸೋತರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆ ಪಂದ್ಯಕ್ಕೆ ಮುಂಚೆ ಫರೀನಾನ ಬಳಿಗೆ ಒಬ್ಬ ಬಂದ. ಎರಡು ಲಕ್ಷ ಯೂರೋ ಕೊಡುತ್ತೇನೆ, ತಂಡದ ಇನ್ನು ಕೆಲವರನ್ನೂ ಒಪ್ಪಿಸಿ ಹಂಚಿಕೊಳ್ಳಿ, ನಾವು ಹೇಳಿದ ಹಾಗೆ ಪಂದ್ಯ ಆಗಲಿ ಎಂದ. ನಮ್ಮ ಹಣದಲ್ಲಿ ಆಗ ಒಂದೂಕಾಲು ಕೋಟಿಗೂ ಹೆಚ್ಚು. ಬಂದವನು ಅಪರಿಚಿತನಲ್ಲ. ರೋಮಾದ ಕಿರಿಯರ ಶಾಲೆಯಲ್ಲಿ ಇವನ ಜೊತೆಯಲ್ಲೇ ಆಡಿ ಬೆಳೆದವನು.

ಫರೀನಾ ಬೇಡ ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ, ಹೋಗಿ ತಿಳಿಸಿದ. ಪೊಲೀಸರ ಮುಂದೆ ಹೇಳಿಕೆ ಕೊಟ್ಟ.

ಆ ಹೊತ್ತಿಗಾಗಲೇ ಉತ್ತರ ಇಟಲಿಯ ಕ್ರೆಮೋನಾ ನಗರದಲ್ಲಿ ಒಂದು ತನಿಖೆ ನಡೆಯುತ್ತಿತ್ತು. ಅದು ಶುರುವಾದ ರೀತಿ ಕೇಳಿದರೆ ಕಾದಂಬರಿ ಎನ್ನುತ್ತೀರಿ. 2010ರ ನವೆಂಬರಿನಲ್ಲಿ ಅಲ್ಲಿಯ ತಂಡದ ಆಟಗಾರರು ಪಂದ್ಯದ ನಂತರ ತೂಕಡಿಸತೊಡಗಿದರು, ಒಬ್ಬನ ಕಾರು ಅಪಘಾತಕ್ಕೀಡಾಯಿತು. ಪರೀಕ್ಷೆ ಮಾಡಿಸಿದರೆ ನಿದ್ದೆ ಮಾತ್ರೆಯ ಅಂಶ! ಕುಡಿಯುವ ಪಾನೀಯದಲ್ಲಿ ಯಾರೋ ಬೆರೆಸಿದ್ದರು. ಅಲ್ಲಿಂದ ಎಳೆ ಹಿಡಿದು ಹೊರಟ ತನಿಖೆ ಇಟಲಿಯ ಅನೇಕ ತಂಡಗಳಿಗೆ ಹಬ್ಬಿತು. ಫರೀನಾನ ಹೇಳಿಕೆ ಅದಕ್ಕೆ ಬಲ ಕೊಟ್ಟಿತು. 2011ರ ಡಿಸೆಂಬರ್ 19ರಂದು ಹದಿನೇಳು ಜನರನ್ನು ಹಿಡಿಯಲು ಆದೇಶವಾಯಿತು. ಅವರಲ್ಲಿ ಆ ಬಾಲ್ಯದ ಗೆಳೆಯನೂ ಒಬ್ಬ.

ನನಗೆ ಕಾಡುವುದು ಈ ಗೆಳೆಯನೇ. ಗೊತ್ತಿಲ್ಲದವನು ಬಂದು ಹಣ ತೋರಿಸಿದ್ದರೆ ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಒಂದೇ ಬಯಲಲ್ಲಿ ಬೆವರು ಸುರಿಸಿದ ಗೆಳೆಯ ಅವನು. ಅವನನ್ನು ಪೊಲೀಸರಿಗೆ ಹಿಡಿದುಕೊಡಬಹುದೆ? "ನೀನು ಮಾಡಿದ್ದು ಸರಿಯಲ್ಲ, ಇನ್ನು ನನ್ನ ಹತ್ತಿರ ಬರಬೇಡ" ಎಂದು ಕಳಿಸಿದ್ದರೆ ಸಾಲದಿತ್ತೆ? ಪ್ರಾಮಾಣಿಕತೆಯೂ ಉಳಿಯುತ್ತಿತ್ತು, ಗೆಳೆತನದ ಮರ್ಯಾದೆಯೂ ಉಳಿಯುತ್ತಿತ್ತು. ಈ ಪ್ರಶ್ನೆಯನ್ನು ನಾನು ಕೇಳಿದ ಹತ್ತು ಜನರಲ್ಲಿ ಏಳೆಂಟು ಜನ "ಹೌದು, ಅಷ್ಟು ಸಾಕಿತ್ತು" ಎಂದರು. ಒಳ್ಳೆಯವರೇ, ಲಂಚ ಮುಟ್ಟದವರೇ ಹಾಗೆಂದರು.

ಆದರೆ ಸ್ವಲ್ಪ ನಿಧಾನವಾಗಿ ಯೋಚಿಸಿ. ಬೇಡ ಎಂದು ಬಾಗಿಲು ಹಾಕಿಕೊಂಡರೆ ಆ ಹಣ ಎಲ್ಲಿಗೆ ಹೋಗುತ್ತದೆ? ಪಕ್ಕದ ಬಾಗಿಲಿಗೆ. ಅದೇ ತಂಡದಲ್ಲಿ ಮನೆ ಸಾಲ ಇದ್ದವನೊಬ್ಬ, ಗಾಯವಾಗಿ ಕೂತವನೊಬ್ಬ, ಕರಾರು ಮುಗಿಯಲಿದ್ದವನೊಬ್ಬ ಇದ್ದೇ ಇರುತ್ತಾನೆ. ನನ್ನ ಕೈ ಶುದ್ಧವಾಗಿ ಉಳಿಯಿತು, ಆದರೆ ಆ ಕೊಳೆ ನನ್ನ ಪಕ್ಕದವನ ಕೈಗೆ ಹೋಗುವುದನ್ನು ನೋಡುತ್ತ ಸುಮ್ಮನಿದ್ದೆ ಎಂದರೆ ಅದು ಯಾವ ಬಗೆಯ ಶುದ್ಧಿ? ಇನ್ನು ಗೆಳೆತನದ ಮಾತು. ಆ ಗೆಳೆತನವನ್ನು ಮೊದಲು ಏಣಿ ಮಾಡಿಕೊಂಡವನು ಬಂದವನೇ. ಇವನು ನಂಬುತ್ತಾನೆ, ಬೇಡವೆಂದರೂ ಬಾಯಿ ಬಿಡುವುದಿಲ್ಲ ಎಂದು ತಿಳಿದೇ ಅವನನ್ನು ಕಳಿಸಿದ್ದಾರೆ. ಗೆಳೆತನ ಅಲ್ಲಿ ಬೀಗದ ಕೈಯಾಗಿತ್ತು. ಇಷ್ಟೆಲ್ಲ ಸರಿ ಎಂದು ಬುದ್ಧಿ ಒಪ್ಪಿದರೂ ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ಅದನ್ನು ನಾನು ಸುಳ್ಳೆನ್ನಲಾರೆ.

ಯಾಕೆ ಹಾಗಾಗುತ್ತದೆ ಎಂದರೆ, ನಾವು ಮಕ್ಕಳಿಗೆ ಹೇಳಿಕೊಟ್ಟದ್ದೇ ಹಾಗೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತವಳು ನಾನು. "ಮಿಸ್, ಇವನು ನನ್ನ ರಬ್ಬರ್ ಕದ್ದ", "ಮಿಸ್, ಅವಳು ನೋಡಿ ಬರೀತಿದಾಳೆ" ಎಂದು ದಿನಕ್ಕೆ ಐವತ್ತು ದೂರು. ಅದಕ್ಕೆ ಎಲ್ಲ ಶಾಲೆಗಳಲ್ಲೂ ಒಂದೇ ಉತ್ತರ: "ಚಾಡಿ ಹೇಳಬೇಡ, ಹೋಗಿ ಕೂತ್ಕೋ." ಚಾಡಿ ಎಂಬುದು ಎಷ್ಟು ಬಲವಾದ ಶಬ್ದ ನೋಡಿ. ಮಗುವಿನ ಬಾಯಿಯನ್ನು ಒಂದೇ ಏಟಿಗೆ ಮುಚ್ಚಿಸುತ್ತದೆ. ಇನ್ನೊಬ್ಬರಿಗೆ ಪೆಟ್ಟು ಬೀಳಲಿ ಎಂದು ಹೇಳುವುದು ಚಾಡಿ, ಒಪ್ಪುತ್ತೇನೆ. ಟೀಚರ ಹತ್ತಿರ ಒಳ್ಳೆಯವಳಾಗಬೇಕೆಂದು ಹೇಳುವುದೂ ಚಾಡಿಯೇ. ಆದರೆ ಹಾನಿ ತಪ್ಪಲಿ ಎಂದು ಹೇಳುವುದಕ್ಕೆ ಬೇರೆ ಹೆಸರು ಬೇಕಲ್ಲ? ದೊಡ್ಡವರಾದ ಮೇಲೆ ಕೋರ್ಟಿನಲ್ಲಿ ಅದನ್ನು ಸಾಕ್ಷಿ ಎನ್ನುತ್ತೇವೆ. ತರಗತಿಯಲ್ಲಿ ಅದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ ಗುಣವನ್ನು ಮಗು ಕಲಿಯುವುದು ಹೇಗೆ?

ಇಟಲಿಯವರೂ ಈ ವಿಷಯದಲ್ಲಿ ನಮಗಿಂತ ಬೇರೆಯಲ್ಲ. ದಕ್ಷಿಣ ಇಟಲಿಯಲ್ಲಿ 'ಓಮೆರ್ತಾ' ಎಂಬ ಮಾತಿದೆ. ಕಂಡದ್ದನ್ನು ಅಧಿಕಾರಿಗಳಿಗೆ ಹೇಳದೆ ಇರುವುದೇ ಗಂಡಸುತನ ಎಂಬ ಅಲಿಖಿತ ಕಟ್ಟಳೆ ಅದು. ಹೇಳಿದವನನ್ನು 'ಇನ್‌ಫಾಮೆ' ಎನ್ನುತ್ತಾರೆ, ಎಂದರೆ ಮಾನಗೆಟ್ಟವನು. ನಮ್ಮಲ್ಲಿ ಉಂಡ ಮನೆಗೆ ಎರಡು ಬಗೆದವನು ಎನ್ನುತ್ತೇವಲ್ಲ, ಅದರ ಒಡಹುಟ್ಟು.

ಆಟಗಾರರ ಉಡುಪು ಬದಲಿಸುವ ಕೋಣೆಯೂ ಒಂದು ಮನೆಯೇ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಎಂದು ಕಟ್ಟಳೆ. ಮನೆಯ ಗುಟ್ಟು ಹೊರಗೆ ಹೋಗಬಾರದು ಎಂಬ ಕಟ್ಟಳೆಯ ಭಾರ ಯಾರ ಹೆಗಲ ಮೇಲಿದೆ ಎಂಬುದು ಓದುತ್ತಿರುವ ನಿಮಗೆ ಗೊತ್ತು. ಗಂಡ ಕುಡಿದು ಹೊಡೆದದ್ದು ಗುಟ್ಟು. ಮಾವ ಆಸ್ತಿ ಪತ್ರಕ್ಕೆ ಸೊಸೆಯಿಂದ ಬಲವಂತವಾಗಿ ರುಜು ಹಾಕಿಸಿಕೊಂಡದ್ದು ಗುಟ್ಟು. ಮನೆಗೆ ಬಂದು ಹೋಗುವ ನೆಂಟನೊಬ್ಬ ಹುಡುಗಿಯ ಮೈ ಮುಟ್ಟಿದ್ದಂತೂ ಗುಟ್ಟಿಗಿಂತ ಗುಟ್ಟು. ಯಾವಳಾದರೂ ಒಬ್ಬಳು ಬಾಯಿ ಬಿಟ್ಟರೆ ಮನೆ ಒಡೆದವಳು ಎಂಬ ಹೆಸರು ಅವಳಿಗೆ. ಒಡೆದ ಕೆಲಸ ಮಾಡಿದವನು ದೇವರ ಮನೆಯಲ್ಲಿ ಪೂಜೆ ಮಾಡುತ್ತ ಕೂತಿರುತ್ತಾನೆ. ಫರೀನಾನ ಕಥೆ ಓದುವಾಗ ನನ್ನ ಕಣ್ಣ ಮುಂದೆ ಇಂಥ ಹೆಣ್ಣುಮಕ್ಕಳೇ ಸುಳಿದದ್ದು.

ನನ್ನ ಜೊತೆ ಕೆಲಸ ಮಾಡಿದ ಒಬ್ಬ ಶಿಕ್ಷಕಿಯ ವಿಷಯವನ್ನೂ ಹೇಳಬೇಕು. ಪರೀಕ್ಷಾ ಕೇಂದ್ರವೊಂದರಲ್ಲಿ ಮಕ್ಕಳಿಗೆ ಉತ್ತರ ಹೇಳಿಕೊಡುವ ಏರ್ಪಾಡು ನಡೆದಿತ್ತು. ಅವರು ತಮ್ಮ ಕೊಠಡಿಯಲ್ಲಿ ಅದಕ್ಕೆ ಅವಕಾಶ ಕೊಡಲಿಲ್ಲ. ಅಲ್ಲಿಯವರೆಗೆ ಯಾರಿಗೂ ಬೇಸರವಿರಲಿಲ್ಲ, "ಅವರು ಸ್ವಲ್ಪ ಸ್ಟ್ರಿಕ್ಟು" ಎಂದು ನಕ್ಕರು. ಆಮೇಲೆ ಅವರು ಮೇಲಿನವರಿಗೆ ಬರೆದು ತಿಳಿಸಿದರು. ವಿಚಾರಣೆಯಾಯಿತು. ಅಂದಿನಿಂದ ಅವರನ್ನು ಯಾರೂ ಬೈಯಲಿಲ್ಲ, ಕಿರುಕುಳವನ್ನೂ ಕೊಡಲಿಲ್ಲ. ಅವರು ಸ್ಟಾಫ್ ರೂಮಿಗೆ ಕಾಲಿಟ್ಟರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಅಷ್ಟೆ. ಟೀ ಬಂದಾಗ ಅವರ ಲೋಟ ಮೇಜಿನ ಆ ತುದಿಯಲ್ಲಿ ಒಂಟಿಯಾಗಿ ಇರುತ್ತಿತ್ತು. ಎರಡು ವರ್ಷದ ನಂತರ ತಾವೇ ವರ್ಗ ಕೇಳಿ ಹೋದರು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ "ನಿಷ್ಠಾವಂತ ಶಿಕ್ಷಕಿ" ಎಂದು ಭಾಷಣ ಮಾಡಿದವರು ಆ ಎರಡು ವರ್ಷ ಅವರ ಪಕ್ಕ ಕೂತಿರಲಿಲ್ಲ.

ಕಾನೂನು ಮಾತ್ರ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಇಟಲಿಯ ಫುಟ್‌ಬಾಲ್ ನಿಯಮದ ಪ್ರಕಾರ ಮೋಸ ಮಾಡುವುದು ಒಂದು ಅಪರಾಧ, ಮೋಸ ಗೊತ್ತಿದ್ದೂ ತಿಳಿಸದೆ ಇರುವುದು ಇನ್ನೊಂದು ಅಪರಾಧ. 2012ರಲ್ಲಿ ಆಂತೋನಿಯೋ ಕಾಂತೆ ಎಂಬ ಹೆಸರಾಂತ ತರಬೇತುದಾರನಿಗೆ ಈ ಎರಡನೆಯ ಆರೋಪದ ಮೇಲೆಯೇ ಹತ್ತು ತಿಂಗಳ ನಿಷೇಧ ಹಾಕಿದರು. ತಾನು ಹಿಂದೆ ಕೆಲಸ ಮಾಡಿದ ಸಿಯೆನಾ ತಂಡದಲ್ಲಿ ನಡೆದದ್ದನ್ನು ತಿಳಿಸಲಿಲ್ಲ ಎಂಬ ಆರೋಪ. ಮೇಲ್ಮನವಿಯಲ್ಲಿ ಅದು ನಾಲ್ಕು ತಿಂಗಳಿಗೆ ಇಳಿಯಿತು. ತನಗೆ ಏನೂ ಗೊತ್ತಿರಲಿಲ್ಲ ಎಂದೇ ಅವನು ವಾದಿಸಿದ. 2016ರಲ್ಲಿ ಕ್ರಿಮಿನಲ್ ನ್ಯಾಯಾಲಯ ಅವನನ್ನು ನಿರ್ದೋಷಿ ಎಂದಿತು. ಹೀಗೆ ಹೇಳದಿದ್ದರೆ ಶಿಕ್ಷೆ ಎಂದು ನಿಯಮ ಹೇಳುತ್ತದೆ. ಹೇಳಿದರೆ ಏನು ಎಂಬುದನ್ನು ಮಾತ್ರ ಯಾವ ನಿಯಮವೂ ಹೇಳುವುದಿಲ್ಲ.

ಹಳೆಯ ಕಥೆಯೊಂದು ಇಲ್ಲಿ ನೆನಪಾಗುತ್ತದೆ. 1980ರಲ್ಲೂ ಇಟಲಿಯಲ್ಲಿ ಇಂಥದೇ ಹಗರಣವಾಗಿತ್ತು. ಆಗ ಹೋಗಿ ಹೇಳಿದವರು ಯಾರು ಗೊತ್ತೆ? ರೋಮ್ ನಗರದ ಒಬ್ಬ ಹಣ್ಣಿನ ವ್ಯಾಪಾರಿ, ಒಬ್ಬ ಹೋಟೆಲ್ ಮಾಲೀಕ. ಆಟಗಾರರಿಗೆ ಹಣ ಕೊಟ್ಟು ಬಾಜಿ ಕಟ್ಟಿದ್ದರು. ಆಟಗಾರರು ಮಾತಿನಂತೆ ಮೋಸ ಮಾಡದೆ ಇವರಿಗೇ ಮೋಸ ಮಾಡಿದರು! ಹಣ ಕಳೆದುಕೊಂಡ ಸಿಟ್ಟಿಗೆ ದೂರು ಕೊಟ್ಟರು. ಮಿಲಾನ್, ಲಾಜಿಯೋ ತಂಡಗಳನ್ನು ಕೆಳಗಿನ ದರ್ಜೆಗೆ ಇಳಿಸಿದರು. ಪಾವೊಲೋ ರೋಸಿ ಎಂಬ ಆಟಗಾರನಿಗೆ ಮೂರು ವರ್ಷದ ನಿಷೇಧ ಬಂತು, ಆಮೇಲೆ ಎರಡು ವರ್ಷಕ್ಕೆ ಇಳಿಯಿತು. ತಾನು ತಪ್ಪು ಮಾಡಿಲ್ಲವೆಂದು ಅವನು ಕೊನೆಯವರೆಗೂ ಹೇಳುತ್ತಿದ್ದ. 1982ರಲ್ಲಿ ನಿಷೇಧ ಮುಗಿಸಿ ಬಂದವನೇ ವಿಶ್ವಕಪ್‌ನಲ್ಲಿ ಆರು ಗೋಲು ಹೊಡೆದು ಇಟಲಿಯನ್ನು ಗೆಲ್ಲಿಸಿದ. ಇಡೀ ದೇಶ ಅವನನ್ನು ಹೆಗಲ ಮೇಲೆ ಹೊತ್ತಿತು. ಹೊತ್ತದ್ದು ತಪ್ಪು ಎಂದು ನಾನು ಹೇಳುವುದಿಲ್ಲ, ಶಿಕ್ಷೆ ಮುಗಿದವನಿಗೆ ಮತ್ತೆ ಬದುಕು ಇರಬೇಕು. ನಿಷೇಧ ಮುಗಿಸಿ ಬಂದವನಿಗೆ ರಾಷ್ಟ್ರೀಯ ತಂಡದಲ್ಲೇ ಜಾಗ ಸಿಕ್ಕಿತಲ್ಲ, ಹೇಳಿದವನಿಗೆ ಸಣ್ಣ ತಂಡದಲ್ಲಾದರೂ ಒಂದು ಜಾಗ ಸಿಗಬೇಡವೆ ಎಂಬುದಷ್ಟೇ ನನ್ನ ಮಾತು.

ಫರೀನಾನಿಗೆ ಮೊದಲು ಸನ್ಮಾನದ ಮಳೆಯೇ ಸುರಿಯಿತು. 2012ರ ಜನವರಿಯಲ್ಲಿ ಜೂರಿಕ್ ನಗರದಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಪ್ರಶಸ್ತಿ ಕೊಡುವ ಸಮಾರಂಭಕ್ಕೆ ಅವನನ್ನು ಕರೆಸಿದರು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಅವನನ್ನು ನ್ಯಾಯಯುತ ಆಟದ ರಾಯಭಾರಿ ಎಂದು ಹೆಸರಿಸಿತು. ಹಾಗೆ ಹೆಸರಿಸಿದ ಅಧ್ಯಕ್ಷ ಸೆಪ್ ಬ್ಲಾಟರ್ ಅವರನ್ನೇ 2015ರ ಡಿಸೆಂಬರಿನಲ್ಲಿ ಫಿಫಾದ ನೈತಿಕ ಸಮಿತಿ ಫುಟ್‌ಬಾಲ್‌ನಿಂದ ನಿಷೇಧಿಸಿತು. 2022ರಲ್ಲೂ 2025ರಲ್ಲೂ ಸ್ವಿಸ್ ನ್ಯಾಯಾಲಯಗಳು ಅವರನ್ನು ಕ್ರಿಮಿನಲ್ ಆರೋಪದಿಂದ ಬಿಡುಗಡೆ ಮಾಡಿದವು ಎಂಬುದನ್ನೂ ಹೇಳಬೇಕು. ಇಟಲಿಯ ರಾಷ್ಟ್ರೀಯ ತಂಡದ ತರಬೇತುದಾರ ಚೆಜಾರೆ ಪ್ರಾಂದೆಲ್ಲಿ 2012ರ ಫೆಬ್ರವರಿಯಲ್ಲಿ, ಅಮೆರಿಕದ ಎದುರಿನ ಪಂದ್ಯಕ್ಕೆ ಮುಂಚೆ, ಫರೀನಾನನ್ನು ತಮ್ಮ ತಂಡದ ಜೊತೆ ಅಭ್ಯಾಸ ಮಾಡಲು ಕರೆದರು. ಇದು ನನಗೆ ಇಷ್ಟವಾದ ಸನ್ಮಾನ. ಶಾಲು ಹಾರ ಬಿಟ್ಟು, ಅವನು ಮಾಡುವ ಕೆಲಸವನ್ನೇ ತಮ್ಮ ಜೊತೆ ಮಾಡಲು ಕರೆದದ್ದು.

ಆ ವರ್ಷದ ಕೊನೆಗೆ ಗುಬ್ಬಿಯೊ ಸೋತು ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಫರೀನಾನಿಗೂ ಆ ತಂಡಕ್ಕೂ ಇದ್ದ ನಂಟು ಮುಗಿಯಿತು. ಅವನಿಗಾಗ ಮೂವತ್ತು ವರ್ಷ. ರಕ್ಷಣೆಯ ಆಟಗಾರನಿಗೆ ಮೂವತ್ತು ಮುದಿತನವಲ್ಲ. ಆದರೆ ಇಟಲಿಯ ಯಾವ ತಂಡದಿಂದಲೂ ಅವನು ಕಾದ ಕರೆ ಬರಲಿಲ್ಲ. ಕೊನೆಗೆ ಕರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ವಿಲ್ಲಾ ತಂಡ, ಆಡಲು ಅಲ್ಲ. ಊರಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತ, ನ್ಯಾಯದ ಆಟ ಎಂದರೇನು ಎಂದು ತಿಳಿಸುವ ಶಿಕ್ಷಕನ ಕೆಲಸಕ್ಕೆ. 2012ರ ಶರತ್ಕಾಲದಲ್ಲಿ ಅವನು ಅಲ್ಲಿಗೆ ಹೋದ. ಆಟಗಾರನಾಗಿ ಅವನ ಬದುಕು ಅಲ್ಲಿಗೆ ಮುಗಿಯಿತು.

ಹೇಳಿದ್ದಕ್ಕೇ ಅವನಿಗೆ ಜಾಗ ಸಿಗಲಿಲ್ಲ ಎಂದು ಖಚಿತವಾಗಿ ಹೇಳಬಹುದೆ? ಹೇಳಲಾಗದು. ಕೆಳಗಿಳಿದ ತಂಡದ ಮೂವತ್ತರ ಆಟಗಾರನಿಗೆ ಕೆಲಸ ಸಿಗದೆ ಹೋಗುವುದು ಅಲ್ಲಿ ದಿನನಿತ್ಯದ ಸಂಗತಿ. "ಅವನ ಆಟ ಅಷ್ಟೇನೂ ಚೆನ್ನಾಗಿರಲಿಲ್ಲ" ಎಂದರೆ ಅಲ್ಲಗಳೆಯಲು ನಮ್ಮ ಬಳಿ ಏನೂ ಇಲ್ಲ. ಹೇಳಿದವರಿಗೆ ಬರುವ ಕಷ್ಟದ ಲಕ್ಷಣವೇ ಇದು. ಯಾರೂ ಆದೇಶ ಹೊರಡಿಸುವುದಿಲ್ಲ. ಒಬ್ಬೊಬ್ಬರೂ ಅವರವರ ಕಾರಣಕ್ಕೆ ದೂರ ಸರಿಯುತ್ತಾರೆ. ನನ್ನ ಸಹೋದ್ಯೋಗಿಯ ಟೀ ಲೋಟವನ್ನು ಆ ತುದಿಗೆ ಸರಿಸಿದ ಕೈ ಯಾವುದು ಎಂದು ಕೇಳಿದರೆ ಯಾರೂ ಉತ್ತರಿಸಲಾರರು.

ಹಾಗಾದರೆ ಹೇಳಿದವರಿಗೆ ಬಹುಮಾನ ಕೊಡಬೇಕೆ? ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆಯಿಲ್ಲ. ಹಣ ಕೊಟ್ಟು ಹೇಳಿಸಿದರೆ ನಾಳೆ ಹಣಕ್ಕಾಗಿ ಹೇಳುವವರು ಹುಟ್ಟುತ್ತಾರೆ. ಆಗ ಚಾಡಿಗೂ ಸಾಕ್ಷಿಗೂ ವ್ಯತ್ಯಾಸ ಉಳಿಯುವುದಿಲ್ಲ. ನಾನು ಬಯಸುವುದು ಬಹುಮಾನಕ್ಕಿಂತ ಸಣ್ಣದು, ಆದರೆ ಕೊಡಲು ಹೆಚ್ಚು ಕಷ್ಟದ್ದು. ಹೇಳಿದವರಿಗೆ ಇದ್ದದ್ದು ಇದ್ದ ಹಾಗೆ ಇರಲಿ. ಫರೀನಾನಿಗೆ ಜೂರಿಕ್‌ನ ವೇದಿಕೆ ಬೇಕಾಗಿರಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಬೂಟು ಕಟ್ಟಿಕೊಂಡು ಅಭ್ಯಾಸಕ್ಕೆ ಹೋಗುವ ಒಂದು ಸಾಧಾರಣ ತಂಡ ಬೇಕಾಗಿತ್ತು. ಗಂಡನ ಮೇಲೆ ದೂರು ಕೊಟ್ಟ ಹೆಣ್ಣಿಗೆ ದಿಟ್ಟ ಮಹಿಳೆ ಪ್ರಶಸ್ತಿ ಬೇಡ. ಅರಿಶಿನ ಕುಂಕುಮಕ್ಕೆ ಹಿಂದಿನ ಹಾಗೇ ಕರೆ ಬರಬೇಕು, ಬಾಡಿಗೆ ಮನೆ ಕೇಳಿದರೆ ಸಿಗಬೇಕು. ವೇದಿಕೆ ಒಂದು ಸಂಜೆಯ ಖರ್ಚು. ಪಕ್ಕದಲ್ಲಿ ಜಾಗ ಕೊಡುವುದು ವರ್ಷಗಟ್ಟಲೆಯ ಖರ್ಚು.

ಗುಬ್ಬಿಯೊ ಊರಿಗೆ ಬಹಳ ಹಳೆಯ ಒಂದು ಐತಿಹ್ಯವಿದೆ. ಆ ಊರನ್ನು ಒಂದು ತೋಳ ಕಾಡುತ್ತಿತ್ತಂತೆ. ಅಸಿಸಿಯ ಸಂತ ಫ್ರಾನ್ಸಿಸ್ ಒಬ್ಬರೇ ಅದರ ಎದುರಿಗೆ ಹೋಗಿ, ತಮ್ಮಾ ಎಂದು ಕರೆದು, ಒಂದು ಒಪ್ಪಂದ ಮಾಡಿಸಿದರಂತೆ. ತೋಳ ಯಾರಿಗೂ ಕೇಡು ಮಾಡಬಾರದು, ಊರಿನವರು ದಿನವೂ ಅದಕ್ಕೆ ಊಟ ಹಾಕಬೇಕು. ಓದಿದಾಗ ನಮ್ಮ ಪುಣ್ಯಕೋಟಿಯೇ ನೆನಪಾಯಿತು. ಅಲ್ಲೂ ಕ್ರೂರ ಮೃಗ ಸತ್ಯದ ಮುಂದೆ ಕರಗುತ್ತದೆ. ಆದರೆ ಫ್ರಾನ್ಸಿಸರ ಕಥೆಯಲ್ಲಿ ಊರಿನವರಿಗೂ ಒಂದು ಕೆಲಸ ಇದೆ, ದಿನವೂ ಊಟ ಹಾಕುವ ಕೆಲಸ. ಪುಣ್ಯಕೋಟಿಯ ಕಥೆಯಲ್ಲಿ ಇಂಥ ಹೊಣೆ ಹೊತ್ತ ನೆರೆಹೊರೆ ಎಂದು ನಾವು ಯಾರನ್ನೂ ನೆನೆಯುವುದಿಲ್ಲ. ಸತ್ಯ ಹೇಳಿದವಳು ಗೆದ್ದಳು ಎಂದು ಕಣ್ಣೊರೆಸಿಕೊಳ್ಳುತ್ತೇವೆ. ಹರಿಶ್ಚಂದ್ರನ ಕಥೆಯೂ ಅಷ್ಟೆ, ರಾಜ್ಯ ಹೆಂಡತಿ ಮಗ ಎಲ್ಲ ಮರಳಿ ಬರುತ್ತಾರೆ. ಮರಳಿ ಬಾರದೆ ಹೋದ ಸತ್ಯವಂತರ ಕಥೆಯನ್ನು ಮಕ್ಕಳಿಗೆ ಹೇಳುವ ಧೈರ್ಯ ನಮಗೆ ಸಾಲದು.

ಅದೇ ಊರಿನಲ್ಲಿ ಪ್ರತಿ ವರ್ಷ ಮೇ 15ರಂದು ಒಂದು ಓಟ ನಡೆಯುತ್ತದೆ. ಇನ್ನೂರೈವತ್ತು ಕೆ.ಜಿ.ಗೂ ಮೀರಿ ತೂಗುವ ಮೂರು ಮರದ ಕಂಬಗಳ ಮೇಲೆ ಮೂವರು ಸಂತರನ್ನು ನಿಲ್ಲಿಸಿ, ಹೊತ್ತುಕೊಂಡು, ಬೆಟ್ಟದ ಮೇಲಿನ ಗುಡಿಗೆ ಓಡುತ್ತಾರೆ. ನಮ್ಮ ತೇರು ಉತ್ಸವಗಳ ಹಾಗೆ ಊರಿಗೆ ಊರೇ ಸೇರುತ್ತದೆ. ತಮಾಷೆ ಎಂದರೆ ಈ ಓಟದಲ್ಲಿ ಯಾರು ಮೊದಲು ಎಂಬುದು ಎಲ್ಲರಿಗೂ ಗೊತ್ತು. ಊರ ಸಂತ ಉಬಾಲ್ದೋ ಯಾವಾಗಲೂ ಮೊದಲು, ಜಾರ್ಜ್ ಎರಡನೆಯವನು, ಆಂಥೋನಿ ಮೂರನೆಯವನು. ಒಬ್ಬರನ್ನೊಬ್ಬರು ಹಿಂದೆ ಹಾಕುವಂತಿಲ್ಲ. ಹೇಗೆ ಹೊತ್ತರು, ಬೀಳಿಸದೆ ಹೊತ್ತರೆ ಎಂಬುದಷ್ಟೇ ಲೆಕ್ಕ. ಫಲಿತಾಂಶ ಮೊದಲೇ ಗೊತ್ತಿರುವ ಓಟವನ್ನು ಇಷ್ಟು ಮನಸಾರೆ ಓಡುವ ಊರಿನಲ್ಲಿ, ಫಲಿತಾಂಶ ಮೊದಲೇ ಗೊತ್ತು ಮಾಡಬೇಡಿ ಎಂದು ಹೇಳಿದ ಆಟಗಾರ ಐದು ವರ್ಷ ಇದ್ದ. ಯಾಕೋ ಈ ವಿವರ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಇನ್ನೊಬ್ಬನ ಮಾತು ಹೇಳಿ ಮುಗಿಸುತ್ತೇನೆ. ಫಾಬಿಯೋ ಪಿಸಕಾನೆ ಎಂಬವನು ನೇಪಲ್ಸ್ ನಗರದ ಬಡ ಕೇರಿಯ ಹುಡುಗ, ಅವನೂ ರಕ್ಷಣೆಯ ಆಟಗಾರ. ಹದಿನಾಲ್ಕನೆಯ ವಯಸ್ಸಿನಲ್ಲಿ ನರಗಳ ಕಾಯಿಲೆ ಬಂದು ಮೈ ಮರಗಟ್ಟಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಎದ್ದು ಬಂದವನು. 2011ರಲ್ಲಿ ಮೂರನೆಯ ದರ್ಜೆಯ ಲುಮೆಜ್ಜಾನೆ ತಂಡದಲ್ಲಿದ್ದಾಗ ರಾವೆನ್ನಾ ತಂಡದ ಎದುರು ಸೋಲಲು ಐವತ್ತು ಸಾವಿರ ಯೂರೋ ಕೊಡುತ್ತೇವೆ ಎಂದು ಅವನಿಗೂ ಕರೆ ಬಂತು. ಅವನೂ ಬೇಡ ಎಂದ, ಅವನೂ ಹೇಳಿದ. ಫಿಫಾ ಅವನನ್ನೂ ರಾಯಭಾರಿ ಮಾಡಿತು. ಆದರೆ ಅವನಿಗೆ ತಂಡಗಳು ಸಿಗುತ್ತ ಹೋದವು. 2016ರ ಸೆಪ್ಟೆಂಬರಿನಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಕಾಲ್ಯಾರಿ ತಂಡದ ಪರವಾಗಿ ಸೀರಿ ಎ ದರ್ಜೆಯಲ್ಲಿ ಮೊದಲ ಬಾರಿಗೆ ಆಡಿದ. ಪಂದ್ಯದ ನಂತರ ಟಿ.ವಿ.ಯವರ ಮುಂದೆ ಮಾತು ಬಾರದೆ ಅತ್ತ. ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ ಆ ವರ್ಷದ ಫುಟ್‌ಬಾಲ್ ಆಟಗಾರ ಎಂದು ಅವನನ್ನು ಆರಿಸಿತು.

ಒಬ್ಬನಿಗೆ ಮೂವತ್ತಕ್ಕೆ ಆಟ ಮುಗಿಯಿತು, ಇನ್ನೊಬ್ಬನಿಗೆ ಮೂವತ್ತಕ್ಕೆ ದೊಡ್ಡ ಬಾಗಿಲು ತೆರೆಯಿತು. ಇಬ್ಬರೂ ಮಾಡಿದ್ದು ಒಂದೇ. ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಇಬ್ಬರ ಕಥೆಯನ್ನೂ ಹೇಳಿದ್ದೇನೆ. ಆದರೆ ಪಿಸಕಾನೆಯ ಕಥೆಯನ್ನು ಮೊದಲು ಹೇಳುತ್ತೇನೆ, ಫರೀನಾನ ಕಥೆಯನ್ನು ಆಮೇಲೆ. ತಿರುಗಿಸಿ ಹೇಳಿದರೆ ಮಕ್ಕಳು ಸೀರಿ ಎ ದರ್ಜೆಯನ್ನು ಸತ್ಯಕ್ಕೆ ಸಿಕ್ಕ ಬಹುಮಾನ ಎಂದು ತಿಳಿದು ಸಂತೋಷವಾಗಿ ಮನೆಗೆ ಹೋಗಿಬಿಡುತ್ತಾರೆ. ಫರೀನಾನ ಕಥೆ ಮುಗಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಗಂಡು ಹುಡುಗರು "ಆಮೇಲೆ ಯಾವ ಟೀಮಿಗೆ ಆಡಿದ ಮಿಸ್?" ಎನ್ನುತ್ತಾರೆ. ಹುಡುಗಿಯರು ಕೇಳುವುದು ಬೇರೆ. ಅವರು ಆ ತಂಡದ ಉಳಿದವರ ವಿಷಯ ಕೇಳುತ್ತಾರೆ. ಅವನು ಹೇಳಿ ಬಂದ ಮಾರನೆಯ ದಿನ ಅವನ ಜೊತೆ ಯಾರು ಮಾತಾಡಿದರು, ಊಟಕ್ಕೆ ಯಾರ ಪಕ್ಕ ಕೂತ ಎಂದು.